ಸತ್ತ ವಾಲಿಗೂ ಸಂಭಾವನೆ ಉಂಟು

ವಾರಕ್ಕೊಂದಾದರೂ ಇಂಥ ಮೆಸೇಜು ನನ್ನ ಫೋನಿಗೆ ಬಂದು ಬೀಳುತ್ತೆ. ‘ಹಲೋ ಕ್ರಿಯೇಟಿವ್ಸ್! ನಮ್ಮ ಹೊಸ ಬ್ರ್ಯಾಂಡಿಗೆ ಒಂದು ಫ್ರೆಂಡ್ಲಿ ಲೋಗೊ ಚಾಲೆಂಜ್. ಗೆದ್ದವರಿಗೆ ಐದು ಸಾವಿರ ರೂಪಾಯಿಯ ಗಿಫ್ಟ್ ವೋಚರ್. ಬಂದ ಎಲ್ಲ ಎಂಟ್ರಿಗಳ ಹಕ್ಕು ಸಂಸ್ಥೆಯದು.’ ಕೆಳಗೆ ಮೂರು ರಾಕೆಟ್ಟು, ಒಂದು ಬೆಂಕಿ. ಕಳಿಸೋದು ಯಾರೋ ಅಪರಿಚಿತರಲ್ಲ. ಜೆಪಿ ನಗರದಲ್ಲಿ ಮಿಲೆಟ್ ಕುಕ್ಕೀಸ್ ಮಾಡೋಕೆ ಹೊರಟ ಹಳೇ ಸಹೋದ್ಯೋಗಿ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಸೆಕ್ರೆಟರಿ, ಇಲ್ಲವೇ ಕಾಲೇಜು ಫೆಸ್ಟಿನ ಹುಡುಗರು. ಎಲ್ಲರೂ ಒಳ್ಳೆಯವರೇ. ಅದೇ ಕಷ್ಟ.

ಇದಕ್ಕೆ ಡಿಸೈನರುಗಳ ಬಳಿ ಒಂದು ಸಿದ್ಧ ಉತ್ತರ ಇದೆ. ಐದು ಹೋಟೆಲ್ಲಿಗೆ ಹೋಗಿ ಐದೂ ಕಡೆ ಮಸಾಲೆ ದೋಸೆ ತಿಂದು, ಯಾವುದು ರುಚಿಯಾಗಿತ್ತೋ ಅದಕ್ಕೆ ಮಾತ್ರ ದುಡ್ಡು ಕೊಡ್ತೀರಾ ಅಂತ ಕೇಳೋದು. ಈ ಹೋಲಿಕೆ ಸವೆದು ಸವೆದು ಈಗ ದೋಸೆಗಿಂತ ತೆಳ್ಳಗಾಗಿದೆ. ಕೇಳಿದವರು ನಕ್ಕು ಸುಮ್ಮನಾಗ್ತಾರೆ, ಮುಂದಿನ ತಿಂಗಳು ಮತ್ತೆ ಚಾಲೆಂಜ್ ಇಡ್ತಾರೆ. ನನ್ನ ಸಿಟ್ಟು ದುಡ್ಡಿನ ಮೇಲಷ್ಟೇ ಅಲ್ಲ, ಆ ‘ಫ್ರೆಂಡ್ಲಿ’ ಅನ್ನೋ ಪದದ ಮೇಲೆ. ಅದು ನಮ್ಮದಾಗಿತ್ತು. ನಮ್ಮ ಆಟದ ಹೆಸರು ಅದು. ಅದನ್ನ ಎತ್ಕೊಂಡು ಹೋಗಿ ಸಂತೆಯಲ್ಲಿ ಮಾರಿದ್ದಾರೆ. ಇದು ಬರೀ ಸಿಟ್ಟಿನ ಮಾತಲ್ಲ, ನಿಜವಾಗಿ ನಡೆದ ಕತೆ. ಹೇಳ್ತೀನಿ ಕೇಳಿ.

2001ರಲ್ಲಿ ಷಿಕಾಗೊದ ಜಿಮ್ ಕೌಡಲ್ ಎಂಬಾತನ ಸ್ಟುಡಿಯೊ ‘ಫೋಟೊಶಾಪ್ ಟೆನಿಸ್’ ಅಂತ ಒಂದು ಆಟ ಶುರು ಮಾಡಿತು. ಇಬ್ಬರು ಡಿಸೈನರು. ಒಬ್ಬ ಒಂದು ಚಿತ್ರ ಮಾಡಿ ಫೈಲನ್ನ ಇನ್ನೊಬ್ಬನಿಗೆ ಕಳಿಸ್ತಾನೆ. ಅವನು ಅದರ ಮೇಲೆ ತನ್ನದೊಂದು ಲೇಯರ್ ಸೇರಿಸಿ ವಾಪಸ್ ಹೊಡೀತಾನೆ. ಇವನು ಮತ್ತೆ. ಅವನು ಮತ್ತೆ. 2007ರಲ್ಲಿ ಅದೇ ಆಟ ‘ಲೇಯರ್ ಟೆನಿಸ್’ ಅನ್ನೋ ಹೆಸರಲ್ಲಿ ಮರಳಿ ಬಂತು. ಶುಕ್ರವಾರಗಳಂದು ಪಂದ್ಯ, ಒಟ್ಟು ಹತ್ತು ಹೊಡೆತ, ಒಂದೊಂದಕ್ಕೆ ಹದಿನೈದು ನಿಮಿಷ. ಪಕ್ಕದಲ್ಲಿ ಮೂರನೆಯವನೊಬ್ಬ ಕೂತು ಕ್ರಿಕೆಟ್ ಕಾಮೆಂಟರಿ ಥರ ಬರೀತಾ ಇರ್ತಾನೆ. ಜನ ಆಫೀಸಿನ ಕೆಲಸ ಬದಿಗಿಟ್ಟು ಪರದೆ ನೋಡ್ತಾ ಕೂರೋರು. ಇಲ್ಲಿ ಕ್ಲೈಂಟ್ ಇಲ್ಲ, ಬ್ರೀಫ್ ಇಲ್ಲ. ‘ಲೋಗೊ ಸ್ವಲ್ಪ ದೊಡ್ಡದು ಮಾಡಿ’ ಅನ್ನೋರಿಲ್ಲ.

ಇದೇ ಆಟ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ‘ಸೈಟ್‌ಪಾಯಿಂಟ್’ ಅನ್ನೋ ಕಂಪನಿಯ ಡಿಸೈನರ್ ಬಳಗಕ್ಕೂ ಹೋಯ್ತು. ಅಲ್ಲಿನ ಹುಡುಗರು ಸುಳ್ಳೇ ಒಂದು ಕಂಪನಿಯ ಹೆಸರು ಹೇಳಿ ಅದಕ್ಕೆ ಯಾರು ಚೆಂದದ ಲೋಗೊ ಮಾಡ್ತಾರೆ ನೋಡೋಣ ಅಂತ ಪೈಪೋಟಿಗೆ ಬಿದ್ದರು. ಗೆದ್ದವನಿಗೆ ಶಹಬ್ಬಾಸ್‌ಗಿರಿ, ಅಷ್ಟೇ. ಆಮೇಲೆ ಯಾರೋ ಒಬ್ಬ ಬುದ್ಧಿವಂತನಿಗೆ ಹೊಳೀತು: ಸುಳ್ಳು ಕಂಪನಿಗೇ ಇಷ್ಟು ಚೆಂದ ಮಾಡ್ತಾರಲ್ಲ, ನನ್ನ ನಿಜವಾದ ಕಂಪನಿ ಹೆಸರು ಕೊಟ್ಟು ಒಂದಿಷ್ಟು ಡಾಲರ್ ಬಹುಮಾನ ಇಟ್ಟರೆ? ಒಬ್ಬರನ್ನ ನೋಡಿ ಇನ್ನೊಬ್ಬರು ಬಂದರು. ಕೊನೆಗೆ ಕಂಪನಿಯವರು ಹೀಗೆ ಸ್ಪರ್ಧೆ ಇಡೋರ ಹತ್ತಿರ ಶುಲ್ಕ ತಗೊಳ್ಳೋಕೆ ಶುರು ಮಾಡಿದರು. 2008ರಲ್ಲಿ ಅದು ‘99ಡಿಸೈನ್ಸ್’ ಅನ್ನೋ ಬೇರೆಯದೇ ಕಂಪನಿಯಾಯ್ತು. 2020ರಲ್ಲಿ ವಿಸ್ಟಾಪ್ರಿಂಟ್ ಅದನ್ನ 9 ಕೋಟಿ ಡಾಲರಿಗೆ ಕೊಂಡುಕೊಂಡಿತು.

ಇಲ್ಲಿ ಒಂದು ನಿಮಿಷ ನಿಲ್ಲಿ. ಗೆಳೆಯರು ಶುಕ್ರವಾರ ಸಂಜೆ ಮೋಜಿಗೆ ಆಡ್ತಿದ್ದ ಆಟ ಕೋಟಿಗಟ್ಟಲೆ ಡಾಲರಿನ ಮಂಡಿಯಾಯ್ತು. ಆಟದಲ್ಲಿ ಇಬ್ಬರೂ ಸೇರಿ ಒಂದು ಚಿತ್ರ ಕಟ್ತಿದ್ದರು. ಮಂಡಿಯಲ್ಲಿ ನೂರು ಜನ ಒಬ್ಬರಿಗೊಬ್ಬರು ಮುಖ ತೋರಿಸದೆ ನೂರು ಚಿತ್ರ ಮಾಡ್ತಾರೆ, ತೊಂಬತ್ತೊಂಬತ್ತು ಕಸದ ಬುಟ್ಟಿಗೆ. ಆ ಕಂಪನಿಯ ಹೆಸರಿಗೂ ಇದಕ್ಕೂ ಸಂಬಂಧ ಇಲ್ಲ ಬಿಡಿ, ಆದರೂ ಪ್ರತಿ ಸಲ ಆ ಅಂಕಿ ನೋಡಿದಾಗ ನನಗೆ ಇದೇ ಲೆಕ್ಕ ನೆನಪಾಗುತ್ತೆ.

ನಮ್ಮ ಆಟ ಹೇಗಿರುತ್ತೆ ಅಂತ ಹೇಳದೆ ನಿಮಗೆ ವ್ಯತ್ಯಾಸ ಗೊತ್ತಾಗಲ್ಲ. ನನ್ನ ಎದುರಾಳಿ ಪುತ್ತೂರು ಕಡೆಯವನು, ಬಿಟಿಎಂ ಎರಡನೇ ಹಂತದಲ್ಲಿರ್ತಾನೆ. ನಾನು ಬನಶಂಕರಿ ಎರಡನೇ ಹಂತ. ಇಬ್ಬರ ಮಧ್ಯೆ ಆರೇಳು ಕಿಲೋಮೀಟರು, ಅಂದ್ರೆ ಶುಕ್ರವಾರ ಸಂಜೆಯ ಲೆಕ್ಕದಲ್ಲಿ ಒಂದೂಕಾಲು ಗಂಟೆ. ಹಾಗಾಗಿ ಫೈಲೇ ಓಡಾಡುತ್ತೆ, ನಾವು ಕೂತಲ್ಲೇ ಇರ್ತೀವಿ. ನಿಯಮ ಎರಡೇ. ವಿಷಯ ಏನಿದ್ದರೂ ಕನ್ನಡದ ಒಂದು ಅಕ್ಷರದಿಂದಲೇ ಶುರುವಾಗಬೇಕು. ಎದುರಾಳಿ ಹಾಕಿದ ಲೇಯರ್ ಡಿಲೀಟ್ ಮಾಡೋ ಹಾಗಿಲ್ಲ. ಮುಚ್ಚಬಹುದು, ತಿರುಗಿಸಬಹುದು, ಬಣ್ಣ ಬಳೀಬಹುದು, ಆದರೆ ಅದು ಅಲ್ಲೇ ಇರಬೇಕು.

ಒಂದು ಶುಕ್ರವಾರ ಅವನು ‘ಠ’ ಕಳಿಸಿದ. ಬಿಳೀ ಹಾಳೆ ಮೇಲೆ ಕಪ್ಪು ಠ, ಇನ್ನೇನೂ ಇಲ್ಲ. ಹೆಚ್ಚುಕಮ್ಮಿ ಒಂದು ದುಂಡು, ನಡುವೆ ಒಂದು ಚುಕ್ಕೆ. ನೋಡಿದ ತಕ್ಷಣ ನನಗೆ ಹಸಿವಾಯ್ತು. ದುಂಡಿಗೆ ಬಿಳಿ ತುಂಬಿ, ಹಬೆ ಹಾಕಿ, ಚುಕ್ಕೆಯನ್ನ ಕರಗ್ತಿರೋ ಬೆಣ್ಣೆ ಮಾಡಿದೆ. ಬಿಡದಿ ತಟ್ಟೆ ಇಡ್ಲಿ. ಅವನು ಅದನ್ನ ಹಾಗೇ ಇಟ್ಟು ಸುತ್ತ ಡಾಂಬರು ಬಳಿದ. ಇಡ್ಲಿ ಸರ್ಕಲ್ಲಾಯ್ತು, ಬೆಣ್ಣೆ ಮೇಲೆ ಒಂದು ಕಂಬ ನಿಲ್ಲಿಸಿ ಅದರ ನೆರಳು ಬೀಳಿಸಿದ. ಮೇಲಿಂದ ನೋಡಿದ ಜಯನಗರದ ಅಶೋಕ ಸ್ತಂಭ! 1948ರಲ್ಲಿ ರಾಜಾಜಿಯವರು ಬಂದು ಬಡಾವಣೆಗೆ ಶಂಕುಸ್ಥಾಪನೆ ಮಾಡಿದ ಜಾಗ, ಈಗ ಬೆಣ್ಣೆ ಸುರೀತಾ ನಿಂತಿದೆ. ಸುತ್ತ ಸಾಸಿವೆ ಕಾಳಿನಷ್ಟು ಆಟೊಗಳು. ನಾನು ಮಳೆ ಸುರಿಸಿದೆ, ರಸ್ತೆ ತುಂಬ ನೀರು, ಆಟೊಗಳೆಲ್ಲ ಕಾಗದದ ದೋಣಿ. ಅವನು ದೋಣಿಗಳಿಗೆಲ್ಲ ನಂಬರ್ ಪ್ಲೇಟ್ ಹಾಕಿ, ಠ ಕಾರದ ಅಂಚನ್ನ ಹಿಡಿದು ಎಳೆದು ಎಳೆದು ಸಿಲ್ಕ್ ಬೋರ್ಡಿನ ಫ್ಲೈಓವರ್ ಮಾಡಿ ದೋಣಿಗಳನ್ನ ಅದರ ಮೇಲೆ ಜಾಮ್ ಮಾಡಿಸಿದ. ನನಗೆ ಉಳಿದದ್ದು ನಾಲ್ಕು ನಿಮಿಷ. ಒಂದು ಬಸ್ಸಿನ ಕಿಟಕಿ ಬರೆದೆ, ಅದರೊಳಗೆ ಎರಡು ಠ ಪಕ್ಕಪಕ್ಕ, ನಡುವೆ ಕೆಳಗೊಂದು ಗೆರೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವನ ಮುಖ. ಕನ್ನಡದ ಒಂದಕ್ಷರವೂ ಬರದ ಇಡೀ ಲೋಕದ ಜನ ‘ಇದೆಂಥ ಮಾತು ಆಡ್ತಿದೀಯ’ ಅಂತ ಗುರಾಯಿಸೋಕೆ ನಮ್ಮ ಠ ಬಳಸ್ತಾರಲ್ಲ, ಅದೇ ಮುಖ. ಐದು ನಿಮಿಷ ಅವನಿಂದ ಸದ್ದಿಲ್ಲ. ಆಮೇಲೆ ಮೆಸೇಜ್ ಬಂತು: “ಎಂತ ಮಾರಾಯ, ಇದಕ್ಕೆ ಎಂತ ಮಾಡುದು ನಾನು?”

ಯಾರು ಗೆದ್ದರು? ಕೇಳಿದರೆ ಇಬ್ಬರಿಗೂ ಗೊತ್ತಿಲ್ಲ. ಆದರೆ ಆ ಒಂದೂವರೆ ಗಂಟೆಯಲ್ಲಿ ಠ ಕಾರದ ಬಗ್ಗೆ ನಾನು ಕಲಿತದ್ದನ್ನ ಮೂರು ವರ್ಷದ ಕೆಲಸದಲ್ಲಿ ಕಲಿತಿರಲಿಲ್ಲ.

ಇದು ಹೊಗಳಿಕೆಗೆ ಹೇಳಿದ ಮಾತಲ್ಲ. ಕನ್ನಡದಲ್ಲಿ ಡಿಸೈನ್ ಮಾಡೋರ ಪಾಡು ಗೊತ್ತಿರೋರಿಗೆ ಅರ್ಥ ಆಗುತ್ತೆ. ಬಹಳ ವರ್ಷ ಫೋಟೊಶಾಪಿಗೆ ಯುನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಒಂದು ಕಡೆ, ಮೂಲ ಅಕ್ಷರ ಇನ್ನೊಂದು ಕಡೆ ಒಡೆದುಹೋಗ್ತಿತ್ತು. ಹಾಗಾಗಿ ಎಲ್ಲರೂ ನುಡಿ, ಬರಹದ ಹಳೇ ಫಾಂಟುಗಳಿಗೇ ಗಂಟುಬಿದ್ದಿದ್ದರು. ಮದುವೆ ಕಾರ್ಡು, ಶ್ರದ್ಧಾಂಜಲಿ, ರಾಜ್ಯೋತ್ಸವದ ಫ್ಲೆಕ್ಸು, ಮೂರರಲ್ಲೂ ಅದೇ ಅಕ್ಷರ. ಆಮೇಲೆ ‘ಬಾಲೂ ತಮ್ಮ’ದಂಥ ಫಾಂಟುಗಳು ಪುಕ್ಕಟೆ ಸಿಗೋಕೆ ಶುರುವಾಯ್ತು, ಈಗ ಬೇಕರಿ ಬೋರ್ಡಿನಿಂದ ಬ್ಯಾಂಕಿನ ಜಾಹೀರಾತಿನವರೆಗೆ ಎಲ್ಲಿ ನೋಡಿದರೂ ಅದೇ. ಅಕ್ಷರವನ್ನ ಕೈಯಲ್ಲಿ ಬರೆದು, ತಲೆಕಟ್ಟು ಎಲ್ಲಿ ಏಳಬೇಕು, ಕೊಂಬು ಎಷ್ಟು ಬಾಗಬೇಕು ಅಂತ ತಲೆ ಕೆಡಿಸಿಕೊಳ್ಳೋಕೆ ಯಾವ ಕ್ಲೈಂಟೂ ದುಡ್ಡು ಕೊಡಲ್ಲ. ಪುಸ್ತಕ ಲೋಕದಲ್ಲಿ ಅಪಾರ ಅವರಂಥ ಕೆಲವರು ಅಕ್ಷರಗಳಲ್ಲೇ ಮುಖಪುಟ ಕಟ್ಟಿ ಓದುಗರ ಕಣ್ಣು ಪಳಗಿಸಿದರು, ಅದೊಂದು ಪುಣ್ಯ. ಉಳಿದವರಿಗೆ ಅಕ್ಷರದ ಜೊತೆ ಕುಸ್ತಿ ಆಡೋಕೆ ಇರೋ ಜಾಗ ಇಂಥ ಆಟಗಳೇ.

ಆಟದಲ್ಲಿ ಹೀಗೆ ಒಬ್ಬರನ್ನೊಬ್ಬರು ಕೆಣಕಿ ಬೆಳೆಸೋದು ಷಿಕಾಗೊದಿಂದ ಬಂದದ್ದು ಅಂತ ನೀವು ಅಂದ್ಕೊಂಡಿದ್ರೆ, ಸ್ವಲ್ಪ ಜಯನಗರಕ್ಕೆ ಬನ್ನಿ. 2012ರ ನವೆಂಬರ್ 30ರಿಂದ ಡಿಸೆಂಬರ್ 2ರವರೆಗೆ ಅಲ್ಲಿನ ಎನ್‌ಎಂಕೆಆರ್‌ವಿ ಕಾಲೇಜಿನಲ್ಲಿ ಆರ್. ಗಣೇಶ್ ಅವರು ಪೂರ್ತಿ ಕನ್ನಡದಲ್ಲೇ ಶತಾವಧಾನ ಮಾಡಿದರು. ನೂರು ಜನ ಪೃಚ್ಛಕರು, ಮೂರು ದಿನ. ಅವಧಾನದಲ್ಲಿ ನಿಷೇಧಾಕ್ಷರಿ ಅಂತ ಒಂದು ಭಾಗ ಇರುತ್ತೆ, ನೋಡಿಲ್ಲದಿದ್ದರೆ ಒಮ್ಮೆ ನೋಡಿ. ಅವಧಾನಿ ಪದ್ಯದ ಒಂದಕ್ಷರ ಹೇಳ್ತಾರೆ. ಮುಂದಿನದು ಯಾವುದು ಬರಬಹುದು ಅಂತ ಊಹಿಸಿ ಪೃಚ್ಛಕರು ಅದನ್ನೇ ನಿಷೇಧಿಸ್ತಾರೆ. ಅವಧಾನಿ ಆ ಅಕ್ಷರ ಬಿಟ್ಟು ಬೇರೆ ದಾರಿ ಹುಡುಕಿ ಮುಂದಿನ ಅಕ್ಷರ ಇಡ್ತಾರೆ. ಮತ್ತೆ ನಿಷೇಧ. ಮತ್ತೆ ಬೇರೆ ದಾರಿ. ಛಂದಸ್ಸು ಕೆಡಬಾರದು, ಅರ್ಥ ಕೆಡಬಾರದು. ಕೊನೆಗೆ ಹುಟ್ಟೋ ಪದ್ಯ ಅವಧಾನಿಯದು ನಿಜ, ಆದರೆ ಅದರ ಒಂದೊಂದು ತಿರುವಿನಲ್ಲೂ ತಡೆದವನ ಬೆರಳಚ್ಚು ಇರುತ್ತೆ. ನನ್ನ ಗೆಳೆಯ ಬೆಣ್ಣೆ ಮೇಲೆ ಕಂಬ ನಿಲ್ಲಿಸಿದ್ದಕ್ಕೇ ನನಗೆ ಮಳೆ ಹೊಳೆದದ್ದು. ಅದೇ ಇದು. ನಮ್ಮದು ಸಣ್ಣದು, ಅಷ್ಟೇ.

ಕಚೇರಿ ಕೇಳೋರಿಗೆ ತನಿ ಆವರ್ತನ ಗೊತ್ತು. ಮೃದಂಗದವರು ಒಂದು ಲೆಕ್ಕ ನುಡಿಸ್ತಾರೆ, ಘಟದವರು ಅದನ್ನ ಹಿಡಿದು ತಮ್ಮದೊಂದು ತಿರುವು ಕೊಟ್ಟು ವಾಪಸ್ ಎಸೀತಾರೆ. ಆವರ್ತ ಕಿರಿದಾಗ್ತಾ ಕಿರಿದಾಗ್ತಾ ಇಬ್ಬರೂ ಒಟ್ಟಿಗೆ ಬಂದು ಸಮಕ್ಕೆ ಬೀಳ್ತಾರೆ. ಚಾಮರಾಜಪೇಟೆಯ ರಾಮನವಮಿ ಪೆಂಡಾಲಿನಲ್ಲಿ ಆ ಹೊತ್ತಿಗೆ ಬೋಂಡಾ ತಿನ್ನೋಕೆ ಎದ್ದು ಹೋಗೋರನ್ನ ಕಂಡರೆ ನನಗಾಗಲ್ಲ, ಅದು ಬೇರೆ ವಿಷಯ.

ನನ್ನ ವಾದಕ್ಕೆ ಇವೆಲ್ಲಕ್ಕಿಂತ ಬಲವಾಗಿ ನಿಲ್ಲೋದು ತಾಳಮದ್ದಳೆ. ಇದನ್ನ ನನ್ನ ತಲೆಗೆ ತುಂಬಿದವನೂ ಆ ಪುತ್ತೂರಿನವನೇ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಹಾಡ್ತಾರೆ, ಅರ್ಥಧಾರಿಗಳು ಕೂತಲ್ಲೇ ಆಶುವಾಗಿ ಮಾತಾಡ್ತಾರೆ. ‘ವಾಲಿವಧೆ’ ಪ್ರಸಂಗ ಇಟ್ಕೊಳ್ಳಿ. ಕತೆ ಹೇಗೆ ಮುಗಿಯುತ್ತೆ ಅಂತ ಸಭೆಯಲ್ಲಿರೋ ಮಗುವಿಗೂ ಗೊತ್ತು. ಆದರೂ ಎದೆಗೆ ಬಾಣ ನೆಟ್ಟ ವಾಲಿ ರಾಮನನ್ನ ನಿಲ್ಲಿಸಿ ಕೇಳ್ತಾನೆ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಅಂತ. ರಾಮ ಉತ್ತರ ಕೊಡಬೇಕು. ಆ ಉತ್ತರದಲ್ಲೇ ವಾಲಿಗೆ ಮುಂದಿನ ಪ್ರಶ್ನೆ ಸಿಗಬೇಕು. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಎದುರಿಗೆ ಕೂತರೆ ರಾಮನ ಪಾತ್ರಧಾರಿಯ ಪಾಡೇನು ಅಂತ ಕರಾವಳಿಯ ಹಳಬರು ಇವತ್ತಿಗೂ ಹೇಳಿ ನಗ್ತಾರೆ. ಒಬ್ಬ ಎಷ್ಟು ಗಟ್ಟಿಯೋ ಇನ್ನೊಬ್ಬ ಅಷ್ಟೇ ಗಟ್ಟಿಯಾಗಿರಬೇಕು, ಇಲ್ಲಾಂದ್ರೆ ಕೂಟ ಸಪ್ಪೆ.

ಒಮ್ಮೆ ಒಬ್ಬ ಕ್ಲೈಂಟ್ ನಮ್ಮಿಬ್ಬರಿಗೂ ಬೇರೆ ಬೇರೆಯಾಗಿ ಒಂದೇ ಕೆಲಸದ ‘ಫ್ರೀ ಪಿಚ್’ ಕೇಳಿದ್ದರು, ಚೆನ್ನಾಗಿರೋದನ್ನ ತಗೊಳ್ತೀವಿ ಅಂತ. ಗೆಳೆಯ ಫೋನಿನಲ್ಲಿ ಅವರಿಗೆ ಹೇಳಿದ್ದು ಇಷ್ಟು: “ನಮ್ಮ ಕಡೆ ತಾಳಮದ್ದಳೆಯಲ್ಲಿ ವಾಲಿ ಸಾಯ್ತಾನೆ ಸಾರ್. ಆದ್ರೆ ಕೂಟ ಮುಗಿದ ಮೇಲೆ ಸತ್ತ ವಾಲಿಗೂ ಸಂಭಾವನೆ ಉಂಟು. ರಾಮನಿಗೆ ಮಾತ್ರ ಕೊಟ್ಟು ಕಳಿಸುದಿಲ್ಲ.” ಆ ಕಡೆಯವರು ಬೆಂಗಳೂರಿನವರು, ಅವರಿಗೆ ಏನು ಅರ್ಥ ಆಯ್ತೋ ಗೊತ್ತಿಲ್ಲ. ನನಗಂತೂ ಅವತ್ತೇ ಎಲ್ಲ ಸ್ಪಷ್ಟ ಆಯ್ತು. ಮೃದಂಗಕ್ಕೂ ಸಂಭಾವನೆ, ಘಟಕ್ಕೂ ಸಂಭಾವನೆ. ಪೈಪೋಟಿ ಎಷ್ಟೇ ಜೋರಾಗಿರಲಿ, ವೇದಿಕೆ ಹತ್ತಿದವನ ಹೊತ್ತಿಗೆ ಬೆಲೆ ಇದೆ ಅಂತ ಮೊದಲೇ ಒಪ್ಪಿಕೊಂಡು ಕರೀತಾರೆ. ನಮ್ಮ ಲೋಗೊ ಚಾಲೆಂಜಿನಲ್ಲಿ ಆಗೋದೇ ಬೇರೆ. ನೂರು ವಾಲಿಗಳನ್ನ ಪುಕ್ಕಟೆ ಕರೆಸಿ, ಎಲ್ಲರ ಎದೆಗೂ ಬಾಣ ಬಿಟ್ಟು, ಚೆನ್ನಾಗಿ ಸತ್ತವನಿಗೆ ವೋಚರ್ ಕೊಡೋದು.

ಸರಕಾರವೂ ಇದರಲ್ಲಿ ಹಿಂದೆ ಬಿದ್ದಿಲ್ಲ. ರೂಪಾಯಿಗೊಂದು ಚಿಹ್ನೆ ಬೇಕು ಅಂತ ಕೇಂದ್ರ ಹಣಕಾಸು ಸಚಿವಾಲಯ 2009ರಲ್ಲಿ ಸ್ಪರ್ಧೆ ಕರೀತು. ಮೂರು ಸಾವಿರಕ್ಕೂ ಹೆಚ್ಚು ವಿನ್ಯಾಸ ಬಂದವು. ಕಳಿಸೋರೇ 500 ರೂಪಾಯಿ ಶುಲ್ಕ ಕಟ್ಟಬೇಕಿತ್ತು. ಐದನ್ನ ಅಂತಿಮ ಸುತ್ತಿಗೆ ಆರಿಸಿ, 2010ರ ಜುಲೈ 15ರಂದು ಡಿ. ಉದಯಕುಮಾರ್ ಅವರ ವಿನ್ಯಾಸವನ್ನ ಒಪ್ಪಿಕೊಂಡರು. ಬಹುಮಾನ ಎರಡೂವರೆ ಲಕ್ಷ. ಚಿಹ್ನೆ ಚೆನ್ನಾಗೇ ಇದೆ, ಗೆದ್ದವರು ಅರ್ಹರೇ, ಅದರಲ್ಲಿ ನನಗೆ ತಕರಾರಿಲ್ಲ. ನಾನು ಕೇಳೋದು ಉಳಿದವರ ಲೆಕ್ಕ. ಒಂದೊಂದಕ್ಕೆ ಬರೀ ಹತ್ತು ಗಂಟೆ ಕೆಲಸ ಅಂತಿಟ್ಕೊಳ್ಳಿ. ಮೂವತ್ತು ಸಾವಿರ ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಒಬ್ಬನೇ ಮಾಡಿದರೆ ರಜೆಯೇ ಇಲ್ಲದೆ ಹತ್ತು ವರ್ಷಕ್ಕೂ ಮೀರಿದ ದುಡಿಮೆ. ಅಷ್ಟೂ ದುಡಿಮೆಯನ್ನ ದುಡಿದವರ ಕೈಯಿಂದಲೇ ದುಡ್ಡು ಕಟ್ಟಿಸಿಕೊಂಡು ಪಡೆದರು. ಅದೂ ಎಂಥ ಚಿಹ್ನೆಗೆ? ದುಡ್ಡಿನ ಚಿಹ್ನೆಗೆ!

ನಮ್ಮೂರಿನ ಲೋಗೊ ಕತೆಯೂ ಅದೇ ಜಾತಿಯದು. 2017ರ ಡಿಸೆಂಬರಿನಲ್ಲಿ ರಾಜ್ಯ ಪ್ರವಾಸೋದ್ಯಮ ಇಲಾಖೆ ಬೆಂಗಳೂರಿಗೊಂದು ಲೋಗೊ ಬಿಡುಗಡೆ ಮಾಡಿತು, ಸ್ಪರ್ಧೆಯಲ್ಲಿ ಆರಿಸಿದ್ದು. ಕನ್ನಡ, ಇಂಗ್ಲಿಷ್ ಎರಡೂ ಅಕ್ಷರ ಬೆರೆಸಿ, ‘ಬಿ ಯು’ ಅನ್ನೋದನ್ನ ಕೆಂಪು ಮಾಡಿದ್ದರು. ಒಂದು ವಾರ ಊರೆಲ್ಲ ಪರ ವಿರೋಧ ಕಿತ್ತಾಡಿತು. ನನಗೆ ಆ ಎರಡು ಲಿಪಿಯ ಜೋಡಣೆ ಇಷ್ಟ ಆಗಿತ್ತು, ಯಾರಾದರೂ ಬೈದರೂ ಪರವಾಗಿಲ್ಲ. ಆದರೆ ಅದು ಹುಟ್ಟಿದ ರೀತಿಯಲ್ಲಿ ಒಂದು ಕೊರತೆ ಇದೆ. ಇಂಥ ದೊಡ್ಡ ಊರಿನ ಗುರುತನ್ನ ನಾಲ್ಕು ಜನ ಒಳ್ಳೆ ವಿನ್ಯಾಸಕಾರರನ್ನ ಕೂರಿಸಿ, ಎಲ್ಲರಿಗೂ ಸಂಭಾವನೆ ಕೊಟ್ಟು, ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕೈಯಾಡಿಸೋ ಹಾಗೆ ಮಾಡಿದ್ದರೆ ಏನಾಗ್ತಿತ್ತು? ಆ ಕುತೂಹಲ ನನಗೆ ಇನ್ನೂ ಇದೆ.

ಇದೇ ಊರಿನಲ್ಲಿ ಇನ್ನೊಂದು ಥರವೂ ನಡೆದಿತ್ತು. 2009ರಲ್ಲಿ ಬಿಬಿಎಂಪಿ ರಸ್ತೆ ಬದಿ ಗೋಡೆಗಳ ಮೇಲೆ ಚಿತ್ರ ಬರೆಸಿತಲ್ಲ, ಹಂಪಿ ರಥ, ಜೋಗ, ಹುಲಿ, ಆನೆ ಅಂತ? ಬರೆದವರು ಸಿನಿಮಾ ಕಟೌಟು, ಅಂಗಡಿ ಬೋರ್ಡು ಬರೀತಿದ್ದವರು, ಫ್ಲೆಕ್ಸ್ ಬಂದು ಅನ್ನ ಕಿತ್ಕೊಂಡಿದ್ದ ಪೇಂಟರುಗಳು. ಕಲಾವಿಮರ್ಶಕರು ಮೂಗು ಮುರಿದರು, ಹುಲಿ ಬೆಕ್ಕಿನ ಥರ ಇದೆ ಅಂದರು. ಕೆಲವು ಹುಲಿಗಳು ಹಾಗೆ ಇದ್ದದ್ದೂ ನಿಜ. ಆದರೆ ಒಂದು ಗೋಡೆಯ ಜಲಪಾತ ನೋಡಿದ ಪಕ್ಕದ ಗೋಡೆಯವನು ಅದಕ್ಕಿಂತ ನೊರೆ ಜಾಸ್ತಿ ಬರೆದದ್ದು ಎದ್ದು ಕಾಣ್ತಿತ್ತು. ಅದು ನನಗೆ ಗೊತ್ತಿರೋ ಪೈಪೋಟಿ. ಬೋರ್ಡು ಬರೆಯೋರದ್ದು ಯಾವತ್ತೂ ಚದರಡಿ ಲೆಕ್ಕ. ಬರೆದಷ್ಟಕ್ಕೆ ದುಡ್ಡು. ನಾಲ್ಕು ಜನ ಬರೆದುಬಿಡಿ, ಒಬ್ಬನಿಗೆ ಮಾತ್ರ ಕೊಡ್ತೀವಿ ಅಂತ ಬಿಡಿಎ ಕಾಂಪ್ಲೆಕ್ಸ್ ಪಕ್ಕದ ಪೇಂಟರಿಗೆ ಹೇಳಿ ನೋಡಿ, ಬ್ರಷ್ಷಲ್ಲೇ ಉತ್ತರ ಕೊಡ್ತಾನೆ. ಡಿಗ್ರಿ ಮಾಡಿದ ನಾವು ಮಾತ್ರ ‘ಪೋರ್ಟ್‌ಫೋಲಿಯೊಗೆ ಆಗುತ್ತೆ ಬಿಡು’ ಅಂತ ರಾತ್ರಿಯೆಲ್ಲ ಕೂತು ಮಾಡ್ತೀವಿ.

ಪೋರ್ಟ್‌ಫೋಲಿಯೊ ಅಂದ ಮೇಲೆ ಎದುರಿನವರ ವಾದ ಹೇಳಲೇಬೇಕು, ಅದರಲ್ಲಿ ಹುರುಳಿದೆ. ದೊಡ್ಡ ಡಿಸೈನ್ ಶಾಲೆಗಳ ಫೀಸು ಕಟ್ಟೋಕಾಗದ ಹುಡುಗ, ಹುಡುಗಿಯರಿಗೆ ಸ್ಪರ್ಧೆ ಒಂದೇ ಬಾಗಿಲು ಅಂತಾರೆ. ಹೌದು. ಗುರುತಿಲ್ಲದ ಊರಿನಲ್ಲಿ ಕೂತು, ಯಾರ ಶಿಫಾರಸೂ ಇಲ್ಲದೆ ಡಾಲರ್ ಗೆದ್ದವರು ಇದ್ದಾರೆ. ಅವರ ಎದುರು ನಿಂತು ‘ಸ್ಪರ್ಧೆಗೆ ಹೋಗಬೇಡ’ ಅನ್ನೋ ಯೋಗ್ಯತೆ ತಿಂಗಳ ಸಂಬಳ ಬರೋ ನನ್ನಂಥವನಿಗಿಲ್ಲ. ಆದರೆ ಬಾಗಿಲು ಅಂತ ತೋರಿಸ್ತಿರೋದು ನಿಜವಾಗಿ ಬಾಗಿಲೇನಾ ಅಂತ ನೋಡಬೇಕಲ್ಲ.

ನಮ್ಮ ಸ್ಟುಡಿಯೊದಲ್ಲಿ ಒಬ್ಬಳು ಹುಡುಗಿ ಇದಾಳೆ. ಇಲ್ಲಿಗೆ ಬರೋ ಮೊದಲು ಬಿಟಿಎಂನ ಪಿಜಿಯಲ್ಲಿದ್ದು ಕೆಲಸ ಹುಡುಕ್ತಿದ್ದಳು. ಒಂದು ಕಂಪನಿ ಇಂಟರ್‌ವ್ಯೂಗೆ ಮೊದಲು ‘ಸಣ್ಣ ಅಸೈನ್‌ಮೆಂಟ್’ ಕೊಟ್ಟಿತು. ದೀಪಾವಳಿಗೆ ಪೂರ್ತಿ ಕ್ಯಾಂಪೇನು, ಕನ್ನಡ ಮತ್ತು ಇಂಗ್ಲಿಷಿನಲ್ಲಿ, ಹನ್ನೆರಡು ಪೋಸ್ಟು, ಎರಡು ಹೋರ್ಡಿಂಗು. ಮೂರು ದಿನ ನಿದ್ದೆಗೆಟ್ಟು ಮಾಡಿ ಕಳಿಸಿದಳು. ಉತ್ತರ ಬರಲಿಲ್ಲ. ಮೇಲ್ ಮಾಡಿದಳು, ಉತ್ತರ ಬರಲಿಲ್ಲ. ಇಪ್ಪತ್ತು ಜನಕ್ಕೆ ಅದೇ ಅಸೈನ್‌ಮೆಂಟ್ ಹೋಗಿತ್ತು ಅಂತ ಆಮೇಲೆ ಗೊತ್ತಾಯ್ತು. ಅಂದ್ರೆ ಒಂದೇ ವಾರದಲ್ಲಿ ಆ ಕಂಪನಿ ಕೈಯಲ್ಲಿ ದೀಪಾವಳಿಗೆ ಇಪ್ಪತ್ತು ಐಡಿಯಾ, ಖರ್ಚು ಸೊನ್ನೆ. ಆ ತಿಂಗಳ ಪಿಜಿ ಬಾಡಿಗೆಗೆ ಅವಳು ಅಕ್ಕನ ಹತ್ತಿರ ಸಾಲ ಮಾಡಿದ್ದಳು. ಇದನ್ನ ಅವಳು ಹೇಳಿದ್ದು ನಗ್ತಾ ನಗ್ತಾ, ಟೀ ಕುಡೀವಾಗ. ನನಗೆ ನಗು ಬರಲಿಲ್ಲ.

ಹೊಸಬರಿಗೆ ಅವಕಾಶ ಕೊಡಬೇಕು ಅಂತ ನಿಜವಾಗಿ ಅನಿಸಿದರೆ ದಾರಿ ಬಹಳ ಸುಲಭ ಇದೆ. ಮೊದಲು ಹಳೇ ಕೆಲಸ ತರಿಸ್ಕೊಂಡು ನೋಡಿ, ಅದಕ್ಕೆ ಯಾರೂ ಬೇಡ ಅನ್ನಲ್ಲ. ಅದರಲ್ಲಿ ಮೂವರನ್ನ ಆರಿಸಿ. ಆ ಮೂವರಿಗೂ ಸಮನಾಗಿ ದುಡ್ಡು ಕೊಟ್ಟು ಹೊಸ ಕೆಲಸ ಮಾಡಿಸಿ. ಐದು ಸಾವಿರವೇ ಇದ್ದರೆ ಮೂವರನ್ನ ಕರೀಬೇಡಿ, ಒಬ್ಬರನ್ನೇ ಕರೀರಿ. ‘ಎಲ್ಲ ಎಂಟ್ರಿಗಳ ಹಕ್ಕು ನಮ್ಮದು’ ಅನ್ನೋ ಸಾಲನ್ನಂತೂ ದಯವಿಟ್ಟು ಹೊಡೆದುಹಾಕಿ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಓದಿ. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಕೊಡುವವನ ಸಹಿ ಇರಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಅಂತ ಲೆಕ್ಕ. ವಾಟ್ಸಾಪ್ ಫಾರ್ವರ್ಡಿನ ಕೊನೇ ಸಾಲಿಗೆ ಅಷ್ಟು ತೂಕ ಇಲ್ಲ. ಇದು ನಮ್ಮ ಡಿಸೈನರುಗಳಿಗೇ ಗೊತ್ತಿಲ್ಲ. ಸೋತ ಲೋಗೊವನ್ನ ಬೇರೆ ಕಡೆ ಬಳಸೋಕೆ ಹೆದರಿಕೊಂಡು ಕೂತಿರ್ತಾರೆ.

ಈಗ ಇನ್ನೊಂದು ಮಾತು ಕೇಳಿಬರ್ತಿದೆ. ಎಐ ಬಂದಿದೆ ಸರ್, ನಲವತ್ತು ಆಪ್ಷನ್ ಎರಡು ನಿಮಿಷದಲ್ಲಿ ಕೊಡುತ್ತೆ, ನಿಮ್ಮ ಸ್ಪರ್ಧೆಯೂ ಬೇಡ, ನೀವೂ ಬೇಡ. ಒಳ್ಳೇದು. ಪುಕ್ಕಟೆ ನಲವತ್ತು ಆಪ್ಷನ್ ಬೇಕಾದವರು ಅಲ್ಲಿಗೇ ಹೋಗಲಿ, ನಮ್ಮ ರಾತ್ರಿಗಳಾದರೂ ಉಳೀತವೆ. ಅದು ಕೊಡೋ ಚಿತ್ರದಲ್ಲಿ ಕನ್ನಡದ ಒತ್ತಕ್ಷರ ಆಗಾಗ ಜಿಲೇಬಿಯಾಗಿ ಬರುತ್ತೆ, ಅದೂ ಇವತ್ತಲ್ಲ ನಾಳೆ ಸರಿಹೋಗಬಹುದು. ಆದರೆ ನಾನು ಇಟ್ಟ ಬೆಣ್ಣೆ ಮೇಲೆ ಕಂಬ ನಿಲ್ಲಿಸಿ ನನ್ನನ್ನ ಸಿಕ್ಕಿಸೋಕೆ, ಸಿಕ್ಕಿಬಿದ್ದಾಗ ನಗೋಕೆ ಬಿಟಿಎಂನಲ್ಲಿ ಒಬ್ಬ ಇರಲೇಬೇಕು.

ನಮ್ಮ ಶುಕ್ರವಾರದ ಆಟ ಈಗ ಸ್ವಲ್ಪ ಹರಡಿದೆ. ಆ ಹುಡುಗಿ ಸೇರ್ಕೊಂಡಳು, ಅವಳ ಗೆಳತಿಯರು ಬಂದರು, ಈಗ ಮೂರು ಜೋಡಿ ಆಡ್ತೀವಿ. ಕಾಮೆಂಟರಿ ಬರೆಯೋಕೆ ನಾಟಕದ ಹುಚ್ಚಿರೋ ಒಬ್ಬ ಇದ್ದಾನೆ, ರಂಗಶಂಕರದಲ್ಲಿ ಶೋ ಇಲ್ಲದ ಶುಕ್ರವಾರ ಸಿಗ್ತಾನೆ. ಹೋದ ತಿಂಗಳು ಒಂದು ಬ್ರ್ಯಾಂಡಿನವರು ಇದರ ಬಗ್ಗೆ ಕೇಳಿ ಫೋನ್ ಮಾಡಿದರು. ತುಂಬ ಎಕ್ಸೈಟಿಂಗ್ ಆಗಿದೆ, ಇದನ್ನ ದೊಡ್ಡದು ಮಾಡೋಣ, ಮಾಲ್‌ನಲ್ಲಿ ಲೈವ್ ಇಡೋಣ, ನಮ್ಮ ಪ್ರಾಡಕ್ಟೇ ಥೀಮು, ಗೆದ್ದವರಿಗೆ ಐವತ್ತು ಸಾವಿರ ಕೊಡ್ತೀವಿ ಅಂದರು. ನಾವು ಆರು ಜನ ಕೂತು ಮಾತಾಡಿ ಒಂದೇ ಸಾಲಿನ ಮೇಲ್ ಬರೆದೆವು: ಬಹುಮಾನ ಬೇಡ, ಆಡೋ ಆರು ಜನಕ್ಕೂ ಕಾಮೆಂಟರಿಯವನಿಗೂ ಸಮ ಸಂಭಾವನೆ ಕೊಡಿ, ಮಾಡಿದ ಚಿತ್ರ ಮಾಡಿದವರದ್ದೇ. ಐವತ್ತು ಸಾವಿರವನ್ನ ಏಳರಿಂದ ಭಾಗಿಸಿದರೆ ತಲೆಗೆ ಏಳು ಸಾವಿರದ ಚಿಲ್ಲರೆ ಬರುತ್ತೆ, ಅವರ ಬಜೆಟ್ ಒಂದು ಪೈಸೆಯೂ ಏರಲ್ಲ ಅಂತಲೂ ಸೇರಿಸಿದೆವು.

ಇಂಟರ್ನಲ್ ಆಗಿ ಚರ್ಚೆ ಮಾಡಿ ಹೇಳ್ತೀವಿ ಅಂದಿದ್ದಾರೆ. ಮೂರು ವಾರ ಆಯ್ತು. ಈ ಶುಕ್ರವಾರದ ಅಕ್ಷರ ‘ಳ’, ಮೊದಲ ಹೊಡೆತ ಆ ಹುಡುಗಿಯದು.